ಮುಂಡಾಸಿನ ಮಾತು

ಯಕ್ಷಗಾನವನ್ನು ಕುರಿತು ಬರೆಯುವವರು ಭಾಗವತಿಕೆಯನ್ನು, ಅರ್ಥಗಾರಿಕೆಯನ್ನು ತೂಗಿ ನೋಡುತ್ತಾರೆ. ವೇಷಧಾರಿಯ ಮುಂಡಾಸನ್ನು ಮಾತ್ರ ಅಲಂಕಾರವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ವೇಷಭೂಷಣವನ್ನೂ ಗಂಭೀರವಾಗಿ ಪರಿಶೀಲಿಸಿದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ 1959ರಲ್ಲಿಯೇ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಉದಾಸೀನ ಮಾತ್ರ ಹೋಗಿಲ್ಲ.

ಬಡಗುತಿಟ್ಟಿನಲ್ಲಿ ಮುಂಡಾಸೇ ಪಾತ್ರದ ಮೊದಲ ಮಾತು. ಕರ್ಣನಿಗೆ ತಾವರೆಯ ಮೊಗ್ಗಿನಂತೆ ಅರಳಿ ನಿಂತ ದೊಡ್ಡ ಮುಂಡಾಸು. ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರಿಗೆ ಕೇದಗೆ ಮುಂದಲೆ. ಬಾಯಿ ತೆರೆಯುವ ಮೊದಲೇ ಪಾತ್ರದ ವಯಸ್ಸೂ ಗಾಂಭೀರ್ಯವೂ ಸಭೆಗೆ ತಿಳಿಯುತ್ತವೆ. ಬಟ್ಟೆಯ ಸುತ್ತು, ಮೇಲೆ ಬಿಗಿದ ಜರಿಯ ಪಟ್ಟಿ: ಸಾಮಗ್ರಿ ಮುಖ್ಯವಾಗಿ ಇಷ್ಟೇ. ಉಳಿದದ್ದು ಕೈಯ ಕೆಲಸ. ಕಟ್ಟುವವನು ಮುಖದ ಅಗಲವನ್ನೂ ಕೊರಳಿನ ಬಲವನ್ನೂ ಅರಿತು ಸುತ್ತಬೇಕು. ಆದ್ದರಿಂದಲೇ ಒಬ್ಬನ ಕರ್ಣ ಇನ್ನೊಬ್ಬನ ಕರ್ಣನಲ್ಲ.

ಈಚೆಗೆ ಮೊದಲೇ ಕಟ್ಟಿಟ್ಟ ಮುಂಡಾಸನ್ನು ಟೊಪ್ಪಿಯಂತೆ ತೊಡುವುದು ಬಳಕೆಗೆ ಬಂದಿದೆ. ಇಡೀ ರಾತ್ರಿಯ ಆಟವೇ ಅನೇಕ ಕಡೆ ಕಾಲಮಿತಿಗೆ ಇಳಿದಿರುವಾಗ ಅದರ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ಹಲವು ತಲೆಗಳಿಗೆ ಒಂದೇ ಅಳತೆಯಾದಾಗ ಮುಂಡಾಸು ಬರಿಯ ಗುರುತಾಗುತ್ತದೆ, ಅಭಿವ್ಯಕ್ತಿಯಾಗಿ ಉಳಿಯುವುದಿಲ್ಲ. ಹೆಜ್ಜೆಯನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಕಟ್ಟುವುದನ್ನೂ ಕಲಿಸಬೇಕು. ಅದನ್ನು ಓದುವುದನ್ನು ವಿಮರ್ಶಕರೂ ಕಲಿಯಬೇಕು.