ಗಿಗಾಬೈಟಿಗಿಂತ ಮೊದಲು ಡಿಗ್ರಿ ನೋಡಿ

2007ರಲ್ಲಿ ಬಂದ ಆ್ಯಪಲ್ ಕಂಪನಿಯ ಐಪಾಡ್ ಟಚ್‌ನ ತಯಾರಿಕೆ 2022ರಲ್ಲಿ ನಿಂತಿತು. ಈಗ ಸಿಗುವುದು ಹೆಚ್ಚಾಗಿ ಬಳಸಿದ ಪ್ಲೇಯರುಗಳೇ. ಬೆರಳು ತಾಗಿದಾಗ ವಿದ್ಯುತ್ ಧಾರಕತೆಯಲ್ಲಾಗುವ ಬದಲಾವಣೆಯನ್ನು ಗುರುತಿಸುವ ಅದರ ಪರದೆ ಹಗುರ ಸ್ಪರ್ಶಕ್ಕೂ ಸ್ಪಂದಿಸುತ್ತದೆ. ಹಾಡು, ಪಾಠದ ವೀಡಿಯೊಗಳಿಗೆ ಅನುಕೂಲವೇ.

ಆದರೆ ತಯಾರಕರು ಸೂಚಿಸಿರುವ ಉಷ್ಣತೆಯ ಮಿತಿ ಗಮನಿಸಿ: ಬಳಸಲು 0ರಿಂದ 35 ಡಿಗ್ರಿ ಸೆಲ್ಸಿಯಸ್, ಆರಿಸಿ ಇಡಲು ಗರಿಷ್ಠ 45. ಬಳ್ಳಾರಿಯ ಬೇಸಿಗೆ 40 ದಾಟುತ್ತದೆ. ಸಿರುಗುಪ್ಪ, ಕುರುಗೋಡುಗಳಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳು ಬಿಸಿಲು ಬೀಳುವ ಕಿಟಕಿಯ ಬಳಿ ಅದನ್ನು ಬಳಸದಿರುವುದು ಒಳ್ಳೆಯದು. ಶಾಖದಲ್ಲಿ ಲಿಥಿಯಂ ಅಯಾನು ಬ್ಯಾಟರಿಯೊಳಗಿನ ಅನಪೇಕ್ಷಿತ ರಾಸಾಯನಿಕ ಕ್ರಿಯೆಗಳು ವೇಗಗೊಂಡು ಅದರ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಬ್ಯಾಟರಿಯನ್ನು ಒಳಗೇ ಬೆಸೆದಿರುವುದರಿಂದ ಬದಲಿಸುವುದು ಕಷ್ಟ. ಇದೇ ಅದರ ದೊಡ್ಡ ದೋಷ.

ಕೊಳ್ಳುವ ಮುನ್ನ ಪೂರ್ತಿ ಚಾರ್ಜ್ ಮಾಡಿಸಿ, ಒಂದು ಗಂಟೆ ವೀಡಿಯೊ ಓಡಿಸಿ, ಚಾರ್ಜ್ ಎಷ್ಟು ಇಳಿಯಿತೆಂದು ನೋಡಿ. ಬೆಲೆ ಮಾತನಾಡುವುದು ಅನಂತರ.