ಅಂಚಿಲ್ಲದ ತಟ್ಟೆ

ಕಳೆದ ಯುಗಾದಿಗೆ ಮಗಳು ಬೆಂಗಳೂರಿನಿಂದ ಒಂದು ಭಾರವಾದ ಪೆಟ್ಟಿಗೆ ತಂದಳು. ಒಳಗೆ ಜೇಡಿಮಣ್ಣಿನಲ್ಲಿ ಕೈಯಿಂದಲೇ ಮಾಡಿ ಸುಟ್ಟ ಆರು ತಟ್ಟೆ, ಆರು ಬಟ್ಟಲು, ಆರು ಲೋಟ. ಎಲ್ಲವೂ ಬೂದು ಬಣ್ಣ. ಹೂವಿಲ್ಲ, ಬಳ್ಳಿಯಿಲ್ಲ, ಒಂದು ಗೆರೆಯೂ ಇಲ್ಲ. ತಟ್ಟೆಯಂತೂ ನೆಲಕ್ಕೆ ಹಾಸುವ ಟೈಲ್ಸಿನ ಹಾಗೆ ಚೌಕ, ಸಪಾಟು.

"ಆಧುನಿಕ ಕಟ್ಟಡಗಳನ್ನು ನೋಡಿ ಮಾಡಿದ್ದಮ್ಮಾ. ಬನ್ನೇರುಘಟ್ಟ ರಸ್ತೆಯ ಐಐಎಂ ಇದೆಯಲ್ಲ, ಅಂಥವು" ಎಂದಳು.

ಕಾರ್ಖಾನೆಗಳ ನಡುವಿನ ಮೇಟಗಳ್ಳಿಯವರಿಗೆ ಕಾಂಕ್ರೀಟು ಹೊಸದಲ್ಲ. ಆದರೂ ಅರಮನೆಯ ಊರಿನವಳು ನಾನು; ಅಲಂಕಾರವಿಲ್ಲದ್ದೂ ಚೆಂದವೆಂದು ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು. ಬಿಳಿ ಅನ್ನ, ಹಸಿರು ಪಲ್ಯ ಆ ಬೂದು ಮೈಮೇಲೆ ಎದ್ದು ಕಂಡಾಗ ಒಪ್ಪಿದೆ.

ಮುಂದಿನ ಭಾನುವಾರ ನೆಂಟರು ಬಂದರು. ಸ್ಟೀಲ್ ತಟ್ಟೆಗಳನ್ನು ಒಳಗಿಟ್ಟು ಜಂಬದಿಂದ ಇವನ್ನೇ ಹಾಕಿದೆ. ನಮ್ಮತ್ತೆಯವರಿಗೆ ಎಂಬತ್ತೆರಡು, ಕೈ ನಡುಗುತ್ತದೆ. ಅನ್ನಕ್ಕೆ ಸಾರು ಬಿದ್ದದ್ದೇ ತಡ, ತಡೆಯಲು ಅಂಚಿಲ್ಲದೆ ಮೇಜಿನಿಂದ ಅವರ ಸೀರೆಗೆ ಇಳಿಯಿತು. ಯಾರೂ ಏನೂ ಅನ್ನಲಿಲ್ಲ. ಅತ್ತೆ ಮಾತ್ರ, "ನಂಗೆ ಇವತ್ತು ಸಾರು ಬೇಡಮ್ಮ" ಎಂದರು. ಸಾರಿಲ್ಲದೆ ಒಂದು ದಿನವೂ ಉಂಡವರಲ್ಲ. ತಪ್ಪು ತಟ್ಟೆಯದು, ಅದನ್ನು ಹಾಕಿದ ನನ್ನದು, ನಾಚಿಕೆ ಅವರದಾಯಿತು.

ಬಾಳೆಲೆಗೂ ಅಂಚಿಲ್ಲವಲ್ಲ ಎಂದು ನೀವು ಕೇಳಬಹುದು. ಎಲೆಯ ಮೇಲೆ ಓಡುವ ಸಾರನ್ನು ಅಂಗೈಯಿಂದ ತಡೆಯುವುದು ನಮಗೆ ಚಿಕ್ಕಂದಿನ ವಿದ್ಯೆ. ನಡುಗುವ ಕೈಗೆ ಅದಾಗದು.

ಅಂದು ರಾತ್ರಿ ಉತ್ತರಪತ್ರಿಕೆ ತಿದ್ದುವವಳ ಹಾಗೆ ಅವುಗಳ ಮುಂದೆ ಕುಳಿತೆ. ಬಟ್ಟಲಿಗೆ ಪೂರ್ತಿ ಅಂಕ: ಮೈ ದಪ್ಪ, ಹುಳಿ ಬೇಗ ಆರುವುದಿಲ್ಲ, ಅಂಗೈ ತುಂಬ ಕೂರುತ್ತದೆ. ಲೋಟಕ್ಕೆ ಅರ್ಧ: ಬಿಸಿ ಕಾಫಿ ಹೊಯ್ದರೆ ಹಿಡಿಯಲು ಕಂಠವಿಲ್ಲ. ತಟ್ಟೆ ನಪಾಸು. ಪಾತ್ರೆ ತೊಳೆಯುವಾಕೆಯ ತೀರ್ಪೂ ಅದೇ: "ಒಂದೊಂದೂ ಚಪ್ಪಡಿಕಲ್ಲು ಎತ್ತಿದ ಹಾಗಾಗ್ತದೆ ಅಕ್ಕ."

ಹಾಗಾದರೆ ತಪ್ಪು ಆ ಕಟ್ಟಡಗಳದೇ? ಐಐಎಂ ಅನ್ನು ನಾನು ನೋಡಿದ್ದೇನೆ. ಅದನ್ನು ರೂಪಿಸಿದ ಬಾಲಕೃಷ್ಣ ದೋಶಿ ಪ್ಯಾರಿಸ್ಸಿನಲ್ಲಿ ಲ ಕಾರ್ಬುಸಿಯೆ ಬಳಿ ಕೆಲಸ ಮಾಡಿದವರು, 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ, 2023ರಲ್ಲಿ ತೀರಿಕೊಂಡರು. ಗೋಡೆಗಳು ಒರಟು ಕಲ್ಲು, ಬರಿಯ ಕಾಂಕ್ರೀಟು, ನಿಜ. ಆದರೆ ಉದ್ದನೆಯ ಓಣಿಗಳ ಮೇಲೆ ಚಪ್ಪರದಂತೆ ತೊಲೆಗಳಿವೆ. ಬಿಸಿಲು ಸೋಸಿ ಬೀಳುತ್ತದೆ, ಬಳ್ಳಿ ಹಬ್ಬುತ್ತದೆ. ನಿಂತು ಮಾತಾಡಲು ಅಂಗಳಗಳಿವೆ. ಅಲ್ಲಿ ನಡೆಯುವವರನ್ನು ಮೊದಲು ನೆನೆದು, ಆಮೇಲೆ ಕಟ್ಟಿದ್ದು. ನಮ್ಮ ತಟ್ಟೆ ಮಾಡಿದವರು ಗೋಡೆಯ ಬಣ್ಣ ತಂದರು, ಆ ನೆನಪನ್ನು ಅಲ್ಲೇ ಬಿಟ್ಟರು.

ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ನಮ್ಮ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅಹಮದಾಬಾದಿನಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅದೇ ಬುನಾದಿ. ಅದರಲ್ಲಿ ಅವರು ಮನಸಾರೆ ಹೊಗಳಿದ್ದು ನಮ್ಮ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ಸೊಂಟದ ಮೇಲೆ ಹೇಗೆ ಕೂರುತ್ತದೆ, ತುಂಬಿದಾಗ, ಬರಿದಾದಾಗ ತೂಕ ಹೇಗೆ ನಿಲ್ಲುತ್ತದೆ ಎಂದು ಒಂದೊಂದೇ ಕೇಳಿಕೊಂಡು ಬರೆದಿದ್ದರು. ನಮ್ಮ ತಟ್ಟೆಗೆ ಅಂಥ ಒಂದೇ ಪ್ರಶ್ನೆ ಸಾಕಿತ್ತು: ಸಾರು ಎಲ್ಲಿ ನಿಲ್ಲಬೇಕು?

ಈಗ ತಟ್ಟೆಗಳಲ್ಲಿ ಹಣ್ಣು ಹೆಚ್ಚಿಡುತ್ತೇನೆ. ಮೊನ್ನೆ ಅತ್ತೆಯವರಿಗೆ ಸಾರನ್ನವನ್ನು ಬೂದು ಬಟ್ಟಲಿನಲ್ಲೇ ಕಲಸಿ ಕೊಟ್ಟೆ. ಎಡಗೈಯಲ್ಲಿ ತಬ್ಬಿ ಹಿಡಿದು ಉಂಡು, ಉಳಿದ ಸಾರನ್ನು ಎತ್ತಿ ಕುಡಿದರು. "ಇದನ್ನು ಮಾಡಿದವರಿಗೆ ಮನೇಲಿ ವಯಸ್ಸಾದವರು ಇದ್ದಾರೆ ಕಣೇ" ಎಂದರು.

ತಟ್ಟೆ ಮಾಡಿದ್ದೂ ಅವರೇ ಎಂದು ನಾನು ಹೇಳಲಿಲ್ಲ.