ನೆರಳು ಹೇಳದ್ದು

ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಬರೆದ ‘ಎವಿಡೆನ್ಸ್ ಇನ್ ಕ್ಯಾಮೆರಾ’ ಪತ್ತೇದಾರಿ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಆಕಾಶದಿಂದ ತೆಗೆದ ಚಿತ್ರಗಳನ್ನು ನೋಡಿ ಶತ್ರುವಿಮಾನ ಗುರುತಿಸುವುದು ಅವರ ಕೆಲಸ. ರೆಕ್ಕೆಯ ಅಳತೆ, ನೆರಳಿನ ಆಕಾರ, ಇಷ್ಟರಲ್ಲೇ ವಿಮಾನ ಯಾವುದೆಂದು ಹೇಳಬೇಕು. 1943ರ ಕೊನೆಯಲ್ಲಿ ಜರ್ಮನಿಯ ಪೇನೆಮ್ಯುಂಡೆಯ ಚಿತ್ರವೊಂದರಲ್ಲಿ, ಇಳಿಜಾರು ಹಳಿಯ ಬುಡದಲ್ಲಿದ್ದ ಶಿಲುಬೆಯಂಥ ಚುಕ್ಕೆಯನ್ನು ಪತ್ತೆಹಚ್ಚಿದವರು ಅವರೇ. ಅದು ವಿ-1 ಹಾರುಬಾಂಬು.

ಜಾಗ ಗುರುತಿಸುವುದೂ ಸುಲಭವಲ್ಲ. ನಮ್ಮ ಕಡೆ ಬಾಂಬು ಬಿದ್ದಿಲ್ಲ, ಆದರೂ ನಮ್ಮ ಊರುಗಳನ್ನೇ ಮೇಲಿಂದ ನೋಡಿದಂತೆ ಕಲ್ಪಿಸಿಕೊಳ್ಳಿ. ಬಾದಾಮಿಯನ್ನು ಅಗಸ್ತ್ಯ ತೀರ್ಥ, ಅದರ ಮಗ್ಗುಲ ಗುಡ್ಡಗಳು ಹಿಡಿದುಕೊಡುತ್ತವೆ. ಹುನಗುಂದದ ಎರೆಹೊಲ ಒಂದರಂತೆ ಇನ್ನೊಂದು. ಇಳಕಲ್ಲಿನ ಗ್ರಾನೈಟ್ ಕ್ವಾರಿಯ ಚಿತ್ರವನ್ನು ತಲೆಕೆಳಗಾಗಿ ಹಿಡಿದರೆ ತಗ್ಗೇ ದಿಬ್ಬವಾಗಿ ಕಂಡೀತು. ಅದಕ್ಕೇ ನೆರಳು ನೋಡುವವರ ಕಡೆ ಬೀಳುವಂತೆ ಚಿತ್ರ ಇಟ್ಟುಕೊಳ್ಳುವ ರೂಢಿ. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ಇಂದಿನ ನಕ್ಷೆಯಲ್ಲಿ ಹುಡುಕಿದರೆ ಸಿಗುವುದು ಆಲಮಟ್ಟಿಯ ಹಿನ್ನೀರು.

ನನ್ನ ತಕರಾರು ‘ಗುರುತಿಸಿದೆವು’ ಎನ್ನುವ ಗೆಲುವಿನ ದನಿಯ ಬಗ್ಗೆ. ಬಿಡಾರಗಳ ಸಾಲು ಚಿತ್ರದಲ್ಲಿ ಕಾಣುತ್ತದೆ. ಒಳಗೆ ಮಲಗುವವರು ಸೈನಿಕರೋ ಸೆರೆಯಾಳುಗಳೋ ಎಂದು ಯಾವ ನೆರಳೂ ಹೇಳದು. 1943ರ ಆಗಸ್ಟ್ 17ರ ರಾತ್ರಿ ಬ್ರಿಟಿಷ್ ವಿಮಾನಗಳು ಇದೇ ಪೇನೆಮ್ಯುಂಡೆಯ ಮೇಲೆ ಬಂದಾಗ, ಗುರಿ ತೋರಿಸುವ ದೀಪಗಳಲ್ಲಿ ಮೊದಲಿನವು ದಕ್ಷಿಣಕ್ಕೆ ಸರಿದು ಬಿದ್ದವು. ಬಾಂಬುಗಳೂ ಅಲ್ಲೇ ಬಿದ್ದವು. ಅದು ಟ್ರಾಸ್ಸೆನ್‌ಹೈಡೆಯ ಕೂಲಿ ಶಿಬಿರ. ಪೋಲೆಂಡ್ ಮೊದಲಾದ ದೇಶಗಳಿಂದ ಜರ್ಮನರು ತಂದು ದುಡಿಸುತ್ತಿದ್ದ ನೂರಾರು ಜನ ಸತ್ತರು.